ಸೂತ್ರಕ್ಕೆ ಮೊದಲು ಷರತ್ತು: ಮೆಕ್ಯಾನಿಕ್ಸ್ ಮತ್ತು ತರಂಗಗಳನ್ನು ಓದುವ ಬಗೆ

ಕಾಲೇಜಿನ ಮೊದಲ ವರ್ಷದಲ್ಲಿ ಮೆಕ್ಯಾನಿಕ್ಸ್ ಮತ್ತು ತರಂಗಗಳ ಪಾಠ ಶುರುವಾದಾಗ ಬಹಳಷ್ಟು ವಿದ್ಯಾರ್ಥಿಗಳು ಮೊದಲು ಮಾಡುವ ಕೆಲಸ, ಅಧ್ಯಾಯದ ಸೂತ್ರಗಳನ್ನೆಲ್ಲ ಒಂದು ಹಾಳೆಗೆ ಇಳಿಸಿಕೊಂಡು ಬಾಯಿಪಾಠ ಮಾಡುವುದು. ಹಾಳೆ ಇಟ್ಟುಕೊಳ್ಳುವುದು ತಪ್ಪೇನಲ್ಲ. ಆದರೆ ಅದರಲ್ಲಿ ಪ್ರತಿ ಸೂತ್ರದ ಪಕ್ಕದಲ್ಲಿ ಇರಲೇಬೇಕಾದ ಒಂದು ಸಾಲು ಸಾಮಾನ್ಯವಾಗಿ ಇರುವುದಿಲ್ಲ: ಈ ಸೂತ್ರ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂಬ ಷರತ್ತು. ಈ ವಿಷಯವನ್ನು ಓದುವ ರೀತಿಯ ಬಗ್ಗೆ ನಾನು ಹೇಳಬೇಕಾದ ಮುಖ್ಯ ಮಾತು ಇದೊಂದೇ. ಅದನ್ನು ದಿನದಿನದ ಅಭ್ಯಾಸದಲ್ಲಿ ಹೇಗೆ ತರಬೇಕು ಎಂಬುದನ್ನು ಮುಂದೆ ವಿವರಿಸುತ್ತೇನೆ.

ಗೋಡೆಗೆ ಒತ್ತಿದ ಪುಸ್ತಕ

ನನ್ನ ಮೊದಲ ವರ್ಷದ ಒಂದು ಕಿರುಪರೀಕ್ಷೆಯಲ್ಲಿ ಈ ಲೆಕ್ಕ ಬಂದಿತ್ತು. 1 ಕಿಲೋಗ್ರಾಂ ದ್ರವ್ಯರಾಶಿಯ ಪುಸ್ತಕವೊಂದನ್ನು ನೆಟ್ಟಗಿನ ಗೋಡೆಗೆ ಆನಿಸಿ, 30 ನ್ಯೂಟನ್ ಬಲದಿಂದ ಅಡ್ಡಲಾಗಿ ಒತ್ತಿ ಹಿಡಿಯಲಾಗಿದೆ; ಗೋಡೆಗೂ ಪುಸ್ತಕಕ್ಕೂ ನಡುವಿನ ಸ್ಥಿತಿ ಘರ್ಷಣೆಯ ಗುಣಾಂಕ 0.5; ಹಾಗಾದರೆ ಪುಸ್ತಕದ ಮೇಲಿನ ಘರ್ಷಣಾ ಬಲ ಎಷ್ಟು? ಘರ್ಷಣೆ ಎಂದರೆ ಗುಣಾಂಕವನ್ನು ಲಂಬ ಪ್ರತಿಕ್ರಿಯೆಯಿಂದ (ಮೇಲ್ಮೈ ತನಗೆ ಲಂಬವಾದ ದಿಕ್ಕಿನಲ್ಲಿ ವಸ್ತುವನ್ನು ತಳ್ಳುವ ಬಲದಿಂದ) ಗುಣಿಸಿದ್ದು ಎಂದು ನನಗೆ ಚೆನ್ನಾಗಿ ಬಾಯಿಪಾಠವಾಗಿತ್ತು. ಆದ್ದರಿಂದ 15 ನ್ಯೂಟನ್ ಎಂದು ಬರೆದೆ. ಪುಸ್ತಕದ ತೂಕ 9.8 ನ್ಯೂಟನ್ ಕೆಳಕ್ಕೆ, ಘರ್ಷಣೆ 15 ನ್ಯೂಟನ್ ಮೇಲಕ್ಕೆ. ಎರಡನೇ ಪ್ರಶ್ನೆಯಾಗಿ ವೇಗೋತ್ಕರ್ಷವನ್ನೂ ಕೇಳಿದ್ದರು, ಅದು 5.2 ಮೀ/ಸೆ², ಮೇಲ್ಮುಖವಾಗಿ ಎಂದು ಬರೆದು, ಉತ್ತರದ ಕೆಳಗೆ ಎರಡು ಗೆರೆ ಎಳೆದೆ. ಗೋಡೆಗೆ ಒತ್ತಿ ಹಿಡಿದ ಪುಸ್ತಕ ತಾನಾಗಿಯೇ ಮೇಲಕ್ಕೆ ಏರುವುದನ್ನು ಯಾರೂ ಕಂಡಿಲ್ಲ ಎಂಬುದು ಆ ಹೊತ್ತಿಗೆ ನನ್ನ ಮನಸ್ಸಿಗೆ ಬರಲೇ ಇಲ್ಲ.

ತಪ್ಪಾದದ್ದು ಗುಣಾಕಾರದಲ್ಲಲ್ಲ. ಆ ಸೂತ್ರ ಕೊಡುವುದು ಸ್ಥಿತಿ ಘರ್ಷಣೆ ತಲುಪಬಹುದಾದ ಗರಿಷ್ಠ ಮಿತಿಯನ್ನು ಮಾತ್ರ. ವಸ್ತು ಜಾರದೆ ನಿಂತಿರುವಷ್ಟು ಕಾಲ ಘರ್ಷಣೆ ಅದನ್ನು ನಿಲ್ಲಿಸಿಡಲು ಬೇಕಾದಷ್ಟು ಮಾತ್ರ ಒದಗುತ್ತದೆ. ಇಲ್ಲಿ ಬೇಕಾದದ್ದು 9.8 ನ್ಯೂಟನ್, ಆದ್ದರಿಂದ ಘರ್ಷಣೆಯೂ 9.8 ನ್ಯೂಟನ್. ಒತ್ತುವ ಬಲವನ್ನು 40 ನ್ಯೂಟನ್‌ಗೆ ಏರಿಸಿದರೂ ಘರ್ಷಣೆ 9.8 ನ್ಯೂಟನ್ ಆಗಿಯೇ ಉಳಿಯುತ್ತದೆ. ಏರುವುದು ಅದರ ಮಿತಿ ಮಾತ್ರ. ಒತ್ತುವುದನ್ನು 19.6 ನ್ಯೂಟನ್‌ಗೆ ಇಳಿಸಿದಾಗ ಮಿತಿ ಸರಿಯಾಗಿ 9.8 ನ್ಯೂಟನ್‌ಗೆ ಬಂದು ನಿಲ್ಲುತ್ತದೆ, ಅದಕ್ಕಿಂತ ಕಡಿಮೆಯಾದರೆ ಪುಸ್ತಕ ಜಾರುತ್ತದೆ. 15 ನ್ಯೂಟನ್‌ನಿಂದ ಒತ್ತಿದಾಗ ಜಾರುತ್ತಿರುವ ಪುಸ್ತಕಕ್ಕೆ ಚಲನ ಘರ್ಷಣೆಯ ಗುಣಾಂಕ 0.4 ಇದ್ದರೆ, ಘರ್ಷಣೆ 6 ನ್ಯೂಟನ್, ಉಳಿದ ಬಲ 3.8 ನ್ಯೂಟನ್, ವೇಗೋತ್ಕರ್ಷ 3.8 ಮೀ/ಸೆ², ಕೆಳಮುಖವಾಗಿ. ಜಾರುವಾಗ ಮಾತ್ರ ಗುಣಾಂಕವನ್ನು ಲಂಬ ಪ್ರತಿಕ್ರಿಯೆಯಿಂದ ನೇರವಾಗಿ ಗುಣಿಸುವ ಹಕ್ಕು ನಮಗಿದೆ.

ಇದೇ ಲೆಕ್ಕದಲ್ಲಿ ಇನ್ನೊಂದು ಪಾಠವೂ ಇದೆ. ಲಂಬ ಪ್ರತಿಕ್ರಿಯೆ ಎಂದ ಕೂಡಲೇ ದ್ರವ್ಯರಾಶಿಯನ್ನು ಗುರುತ್ವ ವೇಗೋತ್ಕರ್ಷದಿಂದ ಗುಣಿಸುವುದು ಅನೇಕರಿಗೆ ಅಭ್ಯಾಸವಾಗಿರುತ್ತದೆ. ಅದು ಸರಿಹೋಗುವುದು ಸಮತಟ್ಟಾದ ನೆಲದ ಮೇಲೆ, ಮೇಲೆ ಕೆಳಗೆ ಬೇರೆ ಬಲವೂ ವೇಗೋತ್ಕರ್ಷವೂ ಇಲ್ಲದಿದ್ದಾಗ ಮಾತ್ರ. ಗೋಡೆಯ ಲೆಕ್ಕದಲ್ಲಿ ಲಂಬ ಪ್ರತಿಕ್ರಿಯೆ ಅಡ್ಡಲಾಗಿದೆ, ತೂಕಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಬಲಗಳ ಚಿತ್ರ ಬಿಡಿಸುವ ಕ್ರಮ

ಇಂಥ ತಪ್ಪುಗಳನ್ನು ತಡೆಯಲು ಇರುವ ಅತ್ಯುತ್ತಮ ಸಾಧನವೆಂದರೆ ತರಗತಿಯಲ್ಲಿ ಎಲ್ಲರೂ ಫ್ರೀ ಬಾಡಿ ಡಯಾಗ್ರಂ ಎಂದು ಕರೆಯುವ ಚಿತ್ರ. ಅದನ್ನು ಅಂಕಕ್ಕಾಗಿ ಕೊನೆಯಲ್ಲಿ ಅಲಂಕಾರದಂತೆ ಸೇರಿಸುವವರೇ ಹೆಚ್ಚು. ಅದು ಮೊದಲು ಬರಬೇಕು, ಮತ್ತು ಪ್ರತಿ ಸಲವೂ ಬರಬೇಕು. ನಾನು ಅನುಸರಿಸುವ ಕ್ರಮ ಹೀಗಿದೆ. ಯಾವ ವಸ್ತುವಿನ ಚಲನೆಯನ್ನು ವಿಚಾರಿಸುತ್ತಿದ್ದೇನೆ ಎಂದು ಒಂದು ವಾಕ್ಯದಲ್ಲಿ ಬರೆಯುತ್ತೇನೆ. ಆ ವಸ್ತುವನ್ನು ಮಾತ್ರ, ಸುತ್ತಲಿನ ಹಗ್ಗ, ನೆಲ, ರಾಟೆ ಯಾವುದೂ ಇಲ್ಲದೆ, ಒಂದು ಚುಕ್ಕೆಯಾಗಿ ಬಿಡಿಸುತ್ತೇನೆ. ಅದನ್ನು ಮುಟ್ಟಿಕೊಂಡಿರುವ ಪ್ರತಿಯೊಂದು ವಸ್ತುವಿಗೂ ಒಂದೊಂದು ಬಾಣ, ಕೊನೆಗೆ ಭೂಮಿಯ ಸೆಳೆತಕ್ಕೆ ಒಂದು ಬಾಣ. ಪ್ರತಿ ಬಾಣದ ಪಕ್ಕದಲ್ಲಿಯೂ ಈ ಬಲವನ್ನು ಹಾಕುತ್ತಿರುವುದು ಯಾವುದು ಎಂದು ಬರೆಯುತ್ತೇನೆ: ಗೋಡೆ ಪುಸ್ತಕದ ಮೇಲೆ, ಕೈ ಪುಸ್ತಕದ ಮೇಲೆ, ಭೂಮಿ ಪುಸ್ತಕದ ಮೇಲೆ.

ಕೊನೆಯ ಈ ಹೆಜ್ಜೆಯನ್ನು ಬಿಡಬಾರದು ಎಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಬಲವನ್ನು ಹಾಕುವವರ ಹೆಸರು ಬರೆಯಲಾಗದ ಬಾಣ ಚಿತ್ರದಲ್ಲಿ ಇರಬಾರದ ಬಾಣ. ಮೇಲಕ್ಕೆ ಎಸೆದ ನಾಣ್ಯ ಕೈಬಿಟ್ಟ ಮೇಲೆ ಏರುತ್ತಿರುವಾಗ ಅದರ ಮೇಲೆ ಯಾವ ಬಲಗಳಿವೆ ಎಂದು ಕೇಳಿದರೆ ಬಹಳ ಮಂದಿ ಮೇಲ್ಮುಖವಾದ ಒಂದು ಬಾಣವನ್ನು ಎಳೆಯುತ್ತಾರೆ. ಅದನ್ನು ಹಾಕುತ್ತಿರುವುದು ಯಾವುದು ಎಂದು ಕೇಳಿದಾಗ ಉತ್ತರ ಸಿಗುವುದಿಲ್ಲ. ಕೈ ಆಗಲೇ ನಾಣ್ಯವನ್ನು ಬಿಟ್ಟಿದೆ. ಗಾಳಿಯ ತಡೆಯನ್ನು ಬಿಟ್ಟರೆ ನಾಣ್ಯದ ಮೇಲಿರುವುದು ಕೆಳಮುಖವಾದ ಗುರುತ್ವ ಬಲ ಒಂದೇ, ಏರುವಾಗಲೂ, ತುತ್ತತುದಿಯಲ್ಲೂ, ಇಳಿಯುವಾಗಲೂ. ಚಲಿಸುವ ವಸ್ತುವಿನೊಳಗೆ ಎಸೆದವನು ತುಂಬಿಟ್ಟ ಒಂದು ಒತ್ತು ಇರುತ್ತದೆ ಎಂಬ ಈ ಕಲ್ಪನೆಯನ್ನು 14ನೇ ಶತಮಾನದಲ್ಲಿ ಜಾನ್ ಬುರಿದಾನ್‌ನಂಥ ಗಂಭೀರ ಚಿಂತಕರೇ ಮುಂದಿಟ್ಟಿದ್ದರು. ಆದ್ದರಿಂದ ಆ ಬಾಣ ಎಳೆದ ವಿದ್ಯಾರ್ಥಿ ದಡ್ಡನೆಂದು ಭಾವಿಸಬೇಕಾಗಿಲ್ಲ. ಆದರೆ 1687ರಲ್ಲಿ ನ್ಯೂಟನ್ ಪ್ರಕಟಿಸಿದ ನಿಯಮಗಳು ಬೇಡುವುದು ಬೇರೆ: ಬಲ ಎಂದರೆ ಈ ಕ್ಷಣದಲ್ಲಿ ಇನ್ನೊಂದು ವಸ್ತು ಹಾಕುತ್ತಿರುವುದು, ಮತ್ತು ಅದು ನಿರ್ಧರಿಸುವುದು ವೇಗದ ಬದಲಾವಣೆಯನ್ನು.

ಮೂರನೆಯ ನಿಯಮದ ಗೊಂದಲವೂ ಇದೇ ಹೆಸರಿಡುವ ಅಭ್ಯಾಸದಿಂದ ಕಳೆಯುತ್ತದೆ. ಮೇಜಿನ ಮೇಲಿರುವ ಪುಸ್ತಕದ ತೂಕ ಮತ್ತು ಮೇಜಿನ ಲಂಬ ಪ್ರತಿಕ್ರಿಯೆ ಸಮವಾಗಿಯೂ ವಿರುದ್ಧವಾಗಿಯೂ ಇದ್ದರೂ ಅವು ಕ್ರಿಯೆ ಪ್ರತಿಕ್ರಿಯೆಗಳ ಜೋಡಿಯಲ್ಲ, ಏಕೆಂದರೆ ಎರಡೂ ಒಂದೇ ಪುಸ್ತಕದ ಮೇಲಿವೆ. ಭೂಮಿ ಪುಸ್ತಕವನ್ನು ಸೆಳೆಯುವ ಬಲಕ್ಕೆ ಜೋಡಿ, ಪುಸ್ತಕ ಭೂಮಿಯನ್ನು ಸೆಳೆಯುವ ಬಲ. ವಾಕ್ಯದಲ್ಲಿ ಎರಡು ಹೆಸರುಗಳನ್ನು ಅದಲುಬದಲು ಮಾಡಿದರೆ ಜೋಡಿ ಸಿಗುತ್ತದೆ.

ಯಾವ ದಾರಿ ಹಿಡಿಯಬೇಕು

ಮೆಕ್ಯಾನಿಕ್ಸ್‌ನ ಲೆಕ್ಕಗಳಿಗೆ ಬಲ, ಶಕ್ತಿ, ಸಂವೇಗ (ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿದ್ದು) ಎಂಬ ಮೂರು ದಾರಿಗಳಿವೆ, ಮತ್ತು ಯಾವುದನ್ನು ಹಿಡಿಯಬೇಕೆಂಬ ತೀರ್ಮಾನವೇ ಅರ್ಧ ಲೆಕ್ಕ. ಪ್ರಶ್ನೆಯಲ್ಲಿ ಕಾಲದ ಮಾತಿಲ್ಲದೆ, ಒಂದು ಸ್ಥಾನದಿಂದ ಇನ್ನೊಂದಕ್ಕೆ ಹೋದಾಗ ಜವ ಎಷ್ಟಾಯಿತು ಎಂದಷ್ಟೇ ಕೇಳಿದ್ದರೆ ಶಕ್ತಿಯ ದಾರಿ ಹತ್ತಿರ. ಡಿಕ್ಕಿ, ಸಿಡಿತ, ಅಂಟಿಕೊಳ್ಳುವುದು ಎಂಬ ಮಾತು ಬಂದರೆ ಸಂವೇಗ. ವೇಗೋತ್ಕರ್ಷ, ಹಗ್ಗದ ಎಳೆತ ಅಥವಾ ಕಾಲವನ್ನು ಕೇಳಿದರೆ ಬಲಗಳ ಚಿತ್ರಕ್ಕೇ ಮರಳಬೇಕು. ಇಲ್ಲಿಯೂ ಷರತ್ತನ್ನು ಬಾಯಿಬಿಟ್ಟು ಹೇಳಬೇಕು: ಹೊರಗಿನ ಒಟ್ಟು ಬಲ ಸೊನ್ನೆಯಾಗಿದ್ದರೆ ಸಂವೇಗ ಉಳಿಯುತ್ತದೆ, ಘರ್ಷಣೆಯಂಥ ಬಲಗಳು ಕೆಲಸ ಮಾಡದಿದ್ದರೆ ಯಾಂತ್ರಿಕ ಶಕ್ತಿ ಉಳಿಯುತ್ತದೆ. ಇವೆರಡು ಬೇರೆ ಬೇರೆ ಷರತ್ತುಗಳು, ಒಂದಿದ್ದಾಗ ಇನ್ನೊಂದು ಇರಲೇಬೇಕೆಂದಿಲ್ಲ. 2 ಕಿಲೋಗ್ರಾಂ ಗಾಡಿಯೊಂದು 3 ಮೀ/ಸೆ ವೇಗದಲ್ಲಿ ಬಂದು, ನಿಂತಿರುವ 1 ಕಿಲೋಗ್ರಾಂ ಗಾಡಿಗೆ ಅಂಟಿಕೊಂಡರೆ ಎರಡೂ ಸೇರಿ 2 ಮೀ/ಸೆ ವೇಗದಲ್ಲಿ ಸಾಗುತ್ತವೆ. ಸಂವೇಗ ಮೊದಲೂ 6, ಆಮೇಲೂ 6. ಆದರೆ ಚಲನಶಕ್ತಿ 9 ಜೂಲ್‌ನಿಂದ 6 ಜೂಲ್‌ಗೆ ಇಳಿದಿರುತ್ತದೆ. ತೂಗುಹಾಕಿದ ಮರದ ದಿಮ್ಮಿಗೆ ಗುಂಡು ಹೊಕ್ಕು ದಿಮ್ಮಿ ಮೇಲೇರುವ ಪ್ರಸಿದ್ಧ ಲೆಕ್ಕ ಇದಕ್ಕಾಗಿಯೇ ಇದೆ: ಹೊಕ್ಕುವ ಕ್ಷಣಕ್ಕೆ ಸಂವೇಗ, ಏರುವ ಹಂತಕ್ಕೆ ಶಕ್ತಿ. ಎರಡನ್ನೂ ಒಂದೇ ಉಸಿರಿನಲ್ಲಿ ಶಕ್ತಿಯಿಂದ ಬಿಡಿಸಹೊರಟರೆ ಉತ್ತರ ಖಂಡಿತ ತಪ್ಪು.

ಆವರ್ತ ಚಲನೆಯ, ಅಂದರೆ ಅಕ್ಷದ ಸುತ್ತ ತಿರುಗುವ ಚಲನೆಯ, ಅಧ್ಯಾಯದಲ್ಲಿ ಹೊಸ ತತ್ತ್ವಕ್ಕಿಂತ ಹೊಸ ಹೆಸರುಗಳೇ ಹೆಚ್ಚು. ದ್ರವ್ಯರಾಶಿಯ ಜಾಗಕ್ಕೆ ಜಡತ್ವ ಭ್ರಾಮಕ, ಬಲದ ಜಾಗಕ್ಕೆ ಟಾರ್ಕ್, ಸಂವೇಗದ ಜಾಗಕ್ಕೆ ಕೋನೀಯ ಸಂವೇಗ ಎಂದು ಎರಡು ಕಂಬಸಾಲಿನ ಪಟ್ಟಿ ಮಾಡಿಕೊಂಡರೆ ಬಹುಪಾಲು ಹಿಡಿತಕ್ಕೆ ಬರುತ್ತದೆ. ಇಳಿಜಾರಿನಲ್ಲಿ ಜಾರದೆ ಉರುಳುವ ಗಟ್ಟಿ ಗೋಳ, ತಟ್ಟೆ, ಬಳೆ ಈ ಮೂರರ ವೇಗೋತ್ಕರ್ಷ ಘರ್ಷಣೆಯಿಲ್ಲದೆ ಜಾರುವ ವಸ್ತುವಿನದಕ್ಕೆ ಹೋಲಿಸಿದರೆ ಕ್ರಮವಾಗಿ ಏಳರಲ್ಲಿ ಐದು ಪಾಲು, ಮೂರರಲ್ಲಿ ಎರಡು ಪಾಲು, ಅರ್ಧ ಪಾಲು ಎಂಬುದನ್ನು ಒಮ್ಮೆ ನೀವೇ ಸಾಧಿಸಿ ನೋಡಿ. ದ್ರವ್ಯರಾಶಿಯೂ ತ್ರಿಜ್ಯವೂ ಉತ್ತರದಿಂದ ಮಾಯವಾಗುವುದನ್ನು ಕೈಯಾರೆ ಕಾಣುವುದು ಓದಿ ನಂಬುವುದಕ್ಕಿಂತ ಬಹಳ ಕಾಲ ಉಳಿಯುತ್ತದೆ.

ಆಂದೋಲನ ಎಂಬ ಸೇತುವೆ

ತರಂಗಗಳು ಕಷ್ಟ ಎಂದು ಹೇಳುವವರಲ್ಲಿ ಹೆಚ್ಚಿನವರು ಸರಳ ಸಂಗತ ಚಲನೆಯ ಅಧ್ಯಾಯವನ್ನು ಅವಸರದಲ್ಲಿ ದಾಟಿದವರು. ತರಂಗ ಸಾಗುವ ಹಗ್ಗದ ಒಂದೊಂದು ಬಿಂದುವೂ ಆ ಚಲನೆಯನ್ನೇ ಮಾಡುತ್ತಿರುತ್ತದೆ, ಆದ್ದರಿಂದ ಇಲ್ಲಿ ಒಂದು ವಾರ ಹೆಚ್ಚು ಕಳೆದರೂ ನಷ್ಟವಿಲ್ಲ. ಸ್ಥಾನಪಲ್ಲಟಕ್ಕೆ ಅನುಪಾತದಲ್ಲಿ, ಆದರೆ ವಿರುದ್ಧ ದಿಕ್ಕಿನಲ್ಲಿ, ಮರುಸೆಳೆಯುವ ಬಲ ಇದೆಯೇ ಎಂಬುದೇ ಷರತ್ತು. ಸ್ಪ್ರಿಂಗ್‌ನಲ್ಲಿ ಅದು ಹುಕ್ ನಿಯಮದಿಂದಲೇ (ಎಳೆದಷ್ಟೂ ಅದೇ ಅನುಪಾತದಲ್ಲಿ ಮರುಸೆಳೆತ) ಬರುತ್ತದೆ. ಲೋಲಕದಲ್ಲಿ ಅದು ನಿಜವಾಗಿ ಇಲ್ಲ. ಕೋನ ಚಿಕ್ಕದಿದ್ದಾಗ ರೇಡಿಯನ್‌ನಲ್ಲಿ ಅಳೆದ ಕೋನವೂ ಅದರ ಸೈನ್ ಬೆಲೆಯೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಇದೆ ಎಂದು ಒಪ್ಪುತ್ತೇವೆ. 10 ಡಿಗ್ರಿ ಎಂದರೆ 0.1745 ರೇಡಿಯನ್, ಅದರ ಸೈನ್ 0.1736. ಈ ವ್ಯತ್ಯಾಸದಿಂದ ಆಂದೋಲನದ ಅವಧಿಯಲ್ಲಿ ಆಗುವ ತಪ್ಪು ಶೇ. 0.2ರಷ್ಟು ಮಾತ್ರ. ಲೋಲಕವನ್ನು 90 ಡಿಗ್ರಿಗೆ ಎತ್ತಿ ಬಿಟ್ಟರೆ ಅದೇ ತಪ್ಪು ಶೇ. 18ರಷ್ಟಾಗುತ್ತದೆ.

ಪ್ರಯೋಗಾಲಯದಲ್ಲಿ 20 ಆಂದೋಲನಗಳ ಕಾಲವನ್ನು ಒಟ್ಟಿಗೆ ಅಳೆಯಿರಿ ಎಂದು ಏಕೆ ಹೇಳುತ್ತಾರೆ ಎಂಬುದನ್ನೂ ಲೆಕ್ಕ ಹಾಕಿ ನೋಡಬೇಕು. 1 ಮೀಟರ್ ಉದ್ದದ ಲೋಲಕದ ಅವಧಿ ಸುಮಾರು 2 ಸೆಕೆಂಡ್. ಸ್ಟಾಪ್‌ವಾಚ್ ಒತ್ತುವ ಬೆರಳಿನಿಂದ 0.2 ಸೆಕೆಂಡ್ ತಪ್ಪಾಗುತ್ತದೆ ಎಂದಿಟ್ಟುಕೊಂಡರೆ, ಒಂದೇ ಆಂದೋಲನವನ್ನು ಅಳೆದಾಗ ಅವಧಿಯಲ್ಲಿ ಶೇ. 10, ಅವಧಿಯ ವರ್ಗ ಬರುವುದರಿಂದ ಗುರುತ್ವ ವೇಗೋತ್ಕರ್ಷದಲ್ಲಿ ಸುಮಾರು ಶೇ. 20 ತಪ್ಪು. ಇಪ್ಪತ್ತನ್ನು ಒಟ್ಟಿಗೆ ಅಳೆದರೆ ಅದು ಶೇ. 1ಕ್ಕೆ ಇಳಿಯುತ್ತದೆ. ದಾಖಲೆ ಪುಸ್ತಕದಲ್ಲಿ ಈ ನಾಲ್ಕು ಸಾಲು ಬರೆದ ವಿದ್ಯಾರ್ಥಿಗೆ ಪ್ರಯೋಗ ಅರ್ಥವಾಗಿದೆ ಎಂದು ನಾನು ಭಾವಿಸುತ್ತೇನೆ.

ತರಂಗ: ಎರಡು ನಕ್ಷೆ, ಎರಡು ವೇಗ

ಮೆಕ್ಯಾನಿಕ್ಸ್‌ನಲ್ಲಿ ಒಂದು ವಸ್ತು, ಒಂದು ಕಾಲ. ತರಂಗದಲ್ಲಿ ಜಾಗ ಮತ್ತು ಕಾಲ ಎರಡೂ ಒಟ್ಟಿಗೆ ಬದಲಾಗುತ್ತವೆ, ತೊಡಕಿನ ಮೂಲ ಇದೇ. ಪಠ್ಯದಲ್ಲಿ ಅಲೆಯಾಕಾರದ ನಕ್ಷೆ ಕಂಡಾಗಲೆಲ್ಲ ಮೊದಲು ಅಡ್ಡ ಅಕ್ಷದ ಹೆಸರನ್ನು ಓದಬೇಕು. ಅಲ್ಲಿ ದೂರ ಇದ್ದರೆ ಅದು ಇಡೀ ಹಗ್ಗವನ್ನು ಒಂದು ಕ್ಷಣದಲ್ಲಿ ತೆಗೆದ ಛಾಯಾಚಿತ್ರ; ಎರಡು ಶಿಖರಗಳ ಅಂತರ ತರಂಗದೂರ. ಕಾಲ ಇದ್ದರೆ ಅದು ಹಗ್ಗದ ಒಂದೇ ಬಿಂದುವಿನ ಕಥೆ. ಶಿಖರಗಳ ಅಂತರ ಆವರ್ತನ ಅವಧಿ. ಎರಡೂ ನೋಡಲು ಒಂದೇ ತರಹ ಇರುವುದರಿಂದ ಎಷ್ಟೋ ಅಂಕಗಳು ಇಲ್ಲಿಯೇ ಸೋರಿಹೋಗುತ್ತವೆ.

ಒಂದು ಸಮೀಕರಣವನ್ನು ಕೈಗೆತ್ತಿಕೊಂಡು ಸಾವಧಾನವಾಗಿ ಓದೋಣ. ಸ್ಥಾನಪಲ್ಲಟ = 0.02 × ಸೈನ್ (10 × ದೂರ − 40 × ಕಾಲ), ಎಲ್ಲವೂ ಮೀಟರ್ ಮತ್ತು ಸೆಕೆಂಡ್‌ಗಳಲ್ಲಿ. ಕಂಪನದ ವಿಸ್ತಾರ 2 ಸೆಂಟಿಮೀಟರ್. ದೂರದ ಮುಂದಿರುವ 10 ರಿಂದ ತರಂಗದೂರ 0.63 ಮೀಟರ್, ಕಾಲದ ಮುಂದಿರುವ 40 ರಿಂದ ಆವೃತ್ತಿ 6.4 ಹರ್ಟ್ಸ್. 40ನ್ನು 10 ರಿಂದ ಭಾಗಿಸಿದರೆ ತರಂಗದ ವೇಗ 4 ಮೀ/ಸೆ. ನಡುವೆ ಕಳೆಯುವ ಚಿಹ್ನೆ ಇರುವುದರಿಂದ ಅದು ದೂರ ಹೆಚ್ಚುವ ದಿಕ್ಕಿಗೆ ಸಾಗುತ್ತಿದೆ. ಆದರೆ ಹಗ್ಗದ ಕಣವೊಂದರ ಗರಿಷ್ಠ ಜವ 0.02ನ್ನು 40 ರಿಂದ ಗುಣಿಸಿದ್ದು, ಅಂದರೆ 0.8 ಮೀ/ಸೆ, ಅದೂ ಹಗ್ಗಕ್ಕೆ ಅಡ್ಡಲಾಗಿ. ತರಂಗ ಮುಂದೆ ಹೋಗುತ್ತದೆ, ಹಗ್ಗ ಹೋಗುವುದಿಲ್ಲ ಎಂಬ ಮಾತಿಗೆ ಅಂಕಿಯಲ್ಲಿ ಅರ್ಥ ಬರುವುದು ಹೀಗೆ. ಇದನ್ನು ಲೆಕ್ಕ ಹಾಕುವಾಗ ಕ್ಯಾಲ್ಕ್ಯುಲೇಟರ್ ರೇಡಿಯನ್‌ನಲ್ಲಿದೆಯೇ ಎಂದು ನೋಡಿಕೊಳ್ಳಬೇಕು. ಇಳಿಜಾರಿನ ಲೆಕ್ಕ ಮಾಡಿ ಡಿಗ್ರಿಯಲ್ಲಿ ಬಿಟ್ಟಿದ್ದರೆ ಉತ್ತರ ಪೂರ್ತಿ ಕೆಡುತ್ತದೆ.

ವೇಗ, ಆವೃತ್ತಿ, ತರಂಗದೂರಗಳ ಸಂಬಂಧವನ್ನು ಎಲ್ಲರೂ ಬಲ್ಲರು. ಮೂರರಲ್ಲಿ ಯಾವುದನ್ನು ಯಾವುದು ನಿರ್ಧರಿಸುತ್ತದೆ ಎಂಬುದು ಅಷ್ಟಾಗಿ ತಿಳಿದಿರುವುದಿಲ್ಲ. ಆವೃತ್ತಿಯನ್ನು ಮೂಲ ನಿರ್ಧರಿಸುತ್ತದೆ, ವೇಗವನ್ನು ಮಾಧ್ಯಮ ನಿರ್ಧರಿಸುತ್ತದೆ, ತರಂಗದೂರ ಇವೆರಡಕ್ಕೆ ಹೊಂದಿಕೊಳ್ಳುತ್ತದೆ. ಕೈಯನ್ನು ಬೇಗ ಬೇಗ ಅಲ್ಲಾಡಿಸಿದರೆ ಹಗ್ಗದಲ್ಲಿ ತರಂಗ ಬೇಗ ಹೋಗುವುದಿಲ್ಲ, ಶಿಖರಗಳು ಹತ್ತಿರವಾಗುತ್ತವೆ ಅಷ್ಟೆ. ಬೇಗ ಹೋಗಬೇಕಾದರೆ ಹಗ್ಗವನ್ನು ಬಿಗಿಯಬೇಕು, ಮತ್ತು ವೇಗ ಎರಡರಷ್ಟಾಗಬೇಕಾದರೆ ಎಳೆತ ನಾಲ್ಕರಷ್ಟಾಗಬೇಕು.

ಷರತ್ತನ್ನು ತಪ್ಪಾಗಿ ಊಹಿಸಿದರೆ ಏನಾಗುತ್ತದೆ ಎಂಬುದಕ್ಕೆ ಶಬ್ದದ ವೇಗದ ಚರಿತ್ರೆ ನನಗೆ ಬಹಳ ಇಷ್ಟವಾದ ಉದಾಹರಣೆ. ಶಬ್ದ ಸಾಗುವಾಗ ಗಾಳಿ ಕುಗ್ಗಿ ಹಿಗ್ಗುತ್ತದೆ. ಆ ಹೊತ್ತಿನಲ್ಲಿ ಅದರ ಉಷ್ಣತೆ ಬದಲಾಗುವುದಿಲ್ಲ ಎಂಬ ಅರ್ಥ ಬರುವಂತೆ ನ್ಯೂಟನ್ ಲೆಕ್ಕ ಹಾಕಿದ. ಆ ಸೂತ್ರ 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 280 ಮೀ/ಸೆ ಕೊಡುತ್ತದೆ. ಅಳತೆಯಲ್ಲಿ ಸಿಗುವುದು ಸುಮಾರು 331 ಮೀ/ಸೆ. ಕುಗ್ಗುವಿಕೆ ಎಷ್ಟು ಬೇಗ ನಡೆಯುತ್ತದೆಂದರೆ ಶಾಖ ಹೊರಹೋಗಲು ಸಮಯವೇ ಇರುವುದಿಲ್ಲ ಎಂದು ಫ್ರೆಂಚ್ ಗಣಿತಜ್ಞ ಲಾಪ್ಲಾಸ್ 1816ರಲ್ಲಿ ತೋರಿಸಿದ; ಆಗ ಸೂತ್ರದೊಳಗೆ 1.4 ಎಂಬ ಅಂಶ ಸೇರಿ ಉತ್ತರ 331 ಆಗುತ್ತದೆ. ಗಣಿತ ಎರಡರಲ್ಲೂ ಸರಿಯಾಗಿಯೇ ಇತ್ತು.

ಸ್ಥಾಯೀ ತರಂಗಗಳನ್ನು (ಮುಂದೆ ಸಾಗದೆ ನಿಂತಲ್ಲೇ ಕಂಪಿಸುವ ಅಲೆಗಳನ್ನು) ಸೂತ್ರದಿಂದ ನೆನಪಿಡುವ ಬದಲು ತುದಿಗಳಿಂದ ಬಿಡಿಸಿ. ಬಿಗಿದ ತುದಿಯಲ್ಲಿ ನಿಸ್ಪಂದ (ಕಂಪನವೇ ಇಲ್ಲದ ಬಿಂದು), ತೆರೆದ ತುದಿಯಲ್ಲಿ ಪ್ರಸ್ಪಂದ (ಕಂಪನ ಗರಿಷ್ಠವಾಗಿರುವ ಬಿಂದು). ಎರಡರ ನಡುವೆ ಹಿಡಿಸುವ ಅಲೆಗಳನ್ನು ಪೆನ್ಸಿಲ್‌ನಿಂದ ಎಳೆದರೆ ಸೂತ್ರ ತಾನಾಗಿ ಬರುತ್ತದೆ. ಕೊಳವೆಯ ಮುಚ್ಚಿದ ತುದಿಯಲ್ಲಿ ಗಾಳಿಯ ಸ್ಥಾನಪಲ್ಲಟಕ್ಕೆ ನಿಸ್ಪಂದ, ಒತ್ತಡದ ಏರಿಳಿತಕ್ಕೆ ಪ್ರಸ್ಪಂದ ಎಂಬುದನ್ನು ಮರೆಯಬಾರದು. ಪ್ರಶ್ನೆ ಯಾವುದರ ನಕ್ಷೆಯನ್ನು ಕೇಳುತ್ತಿದೆ ಎಂದು ನೋಡಿಯೇ ಎಳೆಯಬೇಕು. ತೆರೆದ ತುದಿಯ ಪ್ರಸ್ಪಂದವೂ ಸರಿಯಾಗಿ ಬಾಯಿಯಲ್ಲಿರದೆ, ತ್ರಿಜ್ಯದ ಸುಮಾರು 0.6ರಷ್ಟು ಹೊರಗಿರುತ್ತದೆ. 512 ಹರ್ಟ್ಸ್‌ನ ಶ್ರುತಿಕವೆ ಮತ್ತು 1.5 ಸೆಂಟಿಮೀಟರ್ ತ್ರಿಜ್ಯದ, ಒಂದು ತುದಿ ಮುಚ್ಚಿದ ಕೊಳವೆ ಹಿಡಿದು ಪ್ರಯೋಗ ಮಾಡಿದರೆ, ಶಬ್ದದ ವೇಗ 340 ಮೀ/ಸೆ ಇರುವಾಗ ಮೊದಲ ಅನುರಣನ (ಶಬ್ದ ಒಮ್ಮೆಲೇ ಜೋರಾಗುವುದು) ಕೊಳವೆಯೊಳಗಿನ ಗಾಳಿಯ ಉದ್ದ 15.7, ಎರಡನೆಯದು 48.9 ಸೆಂಟಿಮೀಟರ್ ಇರುವಾಗ ಸಿಗಬೇಕು. ಮೊದಲನೆಯದನ್ನಷ್ಟೇ ನಂಬಿದರೆ ವೇಗ 322 ಎಂದು ಬರುತ್ತದೆ. ಎರಡರ ವ್ಯತ್ಯಾಸ 33.2 ಸೆಂಟಿಮೀಟರ್ ಅರ್ಧ ತರಂಗದೂರ, ಅದರಿಂದ 340 ಸರಿಯಾಗಿ ಬರುತ್ತದೆ, ಏಕೆಂದರೆ ತುದಿಯ ತಪ್ಪು ಎರಡರಲ್ಲೂ ಒಂದೇ ಆಗಿದ್ದು ಕಳೆದುಹೋಗುತ್ತದೆ.

ಡಾಪ್ಲರ್ ಪರಿಣಾಮದಲ್ಲಿ (ಮೂಲವೋ ಕೇಳುಗನೋ ಚಲಿಸುವಾಗ ಕೇಳುವ ಆವೃತ್ತಿ ಬದಲಾಗುವುದು) ಚಿಹ್ನೆಗಳ ಸೂತ್ರವನ್ನು ಉರುಹೊಡೆಯುವುದಕ್ಕಿಂತ, ಚಲಿಸುತ್ತಿರುವುದು ಮೂಲವೋ ಕೇಳುಗನೋ ಎಂದು ಮೊದಲು ಬರೆಯಿರಿ. 500 ಹರ್ಟ್ಸ್‌ನ ಮೂಲ 34 ಮೀ/ಸೆ ವೇಗದಲ್ಲಿ ಹತ್ತಿರ ಬಂದರೆ ಸುಮಾರು 556 ಹರ್ಟ್ಸ್ ಕೇಳುತ್ತದೆ. ಕೇಳುಗನೇ ಅದೇ ವೇಗದಲ್ಲಿ ಮೂಲದತ್ತ ಹೋದರೆ 550. ಶಬ್ದಕ್ಕೆ ಗಾಳಿ ಎಂಬ ಮಾಧ್ಯಮ ಇರುವುದರಿಂದಲೇ ಈ ವ್ಯತ್ಯಾಸ.

ವಾರದ ಅಭ್ಯಾಸ

ಗಣಿತದ ಸಿದ್ಧತೆ ಬಹಳ ಬೇಕಿಲ್ಲ, ಬೇಕಾದಷ್ಟು ಗಟ್ಟಿಯಾಗಿರಬೇಕು: ಸದಿಶವನ್ನು ಎರಡು ದಿಕ್ಕುಗಳಿಗೆ ಬಿಡಿಸುವುದು, ಸೈನ್ ಮತ್ತು ಕೊಸೈನ್‌ಗಳ ಅವಕಲನ, ನಕ್ಷೆಯ ಇಳಿಜಾರು ಮತ್ತು ಕೆಳಗಿನ ವಿಸ್ತೀರ್ಣದ ಅರ್ಥ. ಪಠ್ಯದಲ್ಲಿ ಬಿಡಿಸಿ ತೋರಿಸಿದ ಉದಾಹರಣೆಗಳನ್ನು ಕಥೆಯಂತೆ ಓದುತ್ತಾ ಹೋದರೆ ಎಲ್ಲವೂ ತಿಳಿದಂತೆ ಅನಿಸುತ್ತದೆ, ಆದರೆ ಕೈಗೆ ಏನೂ ಬಂದಿರುವುದಿಲ್ಲ. ಉತ್ತರವನ್ನು ಹಾಳೆಯಿಂದ ಮುಚ್ಚಿ, ಚಿತ್ರ ಬಿಡಿಸಿ, ಯಾವ ತತ್ತ್ವ ಮತ್ತು ಅದು ಏಕೆ ಇಲ್ಲಿ ಸಲ್ಲುತ್ತದೆ ಎಂದು ಒಂದು ವಾಕ್ಯ ಬರೆದು, ಆಮೇಲೆ ಒಂದೊಂದೇ ಸಾಲು ತೆರೆದು ಹೋಲಿಸಿ. ಅಂಕಿಗಳನ್ನು ಕೊನೆಯವರೆಗೂ ಹಾಕದೆ ಅಕ್ಷರಗಳಲ್ಲೇ ಮುಂದುವರಿದರೆ ಉತ್ತರವನ್ನು ಪರೀಕ್ಷಿಸಲು ದಾರಿ ಸಿಗುತ್ತದೆ: ಏಕಮಾನ ಹೊಂದುತ್ತದೆಯೇ, ಕೋನ ಸೊನ್ನೆಯಾದರೆ, 90 ಡಿಗ್ರಿಯಾದರೆ, ಘರ್ಷಣೆ ಇಲ್ಲವಾದರೆ ಉತ್ತರ ಏನಾಗುತ್ತದೆ, ಅದು ಲೋಕದಲ್ಲಿ ಕಾಣುವುದಕ್ಕೆ ಹೊಂದುತ್ತದೆಯೇ. ಮೇಲಕ್ಕೆ ಏರುವ ಪುಸ್ತಕವನ್ನು ಅಲ್ಲಿಯೇ ಹಿಡಿಯಬಹುದಿತ್ತು.

ತಪ್ಪಾದ ಲೆಕ್ಕಗಳಿಗೆ ಬೇರೆ ಒಂದು ಟಿಪ್ಪಣಿ ಪುಸ್ತಕ ಇಡಿ. ಅದರಲ್ಲಿ ಪೂರ್ತಿ ಉತ್ತರ ಬರೆಯಬೇಕಾಗಿಲ್ಲ. ಪ್ರಶ್ನೆ, ನಾನು ಯಾವ ಷರತ್ತನ್ನು ನೋಡದೆ ಹೋದೆ ಎಂಬ ಒಂದು ಸಾಲು, ದಿನಾಂಕ ಇಷ್ಟು ಸಾಕು. ಮೂರ್ನಾಲ್ಕು ದಿನ ಬಿಟ್ಟು ಆ ಲೆಕ್ಕವನ್ನು ಖಾಲಿ ಹಾಳೆಯ ಮೇಲೆ ಮತ್ತೆ ಮಾಡಿ. ಮತ್ತೆ ತಪ್ಪಿದರೆ ಹೊಸ ದಿನಾಂಕ ಹಾಕಿ. ಪರೀಕ್ಷೆಯ ಹಿಂದಿನ ದಿನ ಹೊಸ ಲೆಕ್ಕಗಳಿಗೆ ಕೈ ಹಾಕದೆ, ಎರಡು ದಿನಾಂಕ ಬಿದ್ದಿರುವ ಲೆಕ್ಕಗಳನ್ನು ಮಾತ್ರ ಆರಿಸಿಕೊಂಡು, ಸೂತ್ರದ ಹಾಳೆಯನ್ನು ಮುಚ್ಚಿಟ್ಟು, ಬಲಗಳ ಚಿತ್ರದಿಂದ ಶುರುಮಾಡಿ.